ಬಲಗಾಲಿನ ಮೇಲಿನ ದೂರು

ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಲಾರಿಯೊಂದು ಆ ಕಾರನ್ನು ಬೆನ್ನ ಮೇಲೆ ಹೊತ್ತು ತಂದು ನನ್ನ ಗ್ಯಾರೇಜಿನ ಅಂಗಳದಲ್ಲಿ ಇಳಿಸಿತು. ಅದರ ಹಿಂದೆಯೇ ಸ್ಕೂಟರಿನಲ್ಲಿ ತನಿಖಾಧಿಕಾರಿ ಬಂದರು. ಹೆಲ್ಮೆಟ್ ತೆಗೆದು, ಕತ್ತಿನ ಬೆವರು ಒರೆಸಿಕೊಂಡು, ಬಾನೆಟ್ಟಿಗೆ ಅಂಟಿಸಿದ್ದ ಕಾಗದದ ಸೀಲನ್ನು ಉಗುರಿನಿಂದ ಕೆರೆದು ತೆಗೆಯುತ್ತಾ, "ನಾಲ್ಕು ಗಂಟೆವರೆಗೆ ಟೈಮು. ನಾಲ್ಕಕ್ಕೆ ವರದಿ ಬರೆದು ಹೊರಡ್ತೀನಿ. ನಾಳೆ ಬೆಳಿಗ್ಗೆ ವಿಚಾರಣೆ ಸಮಿತಿ ಮುಂದೆ ಇಡ್ಬೇಕು," ಅಂದರು.

ವರದಿಯಲ್ಲಿ ಏನು ಬರೆಯುತ್ತಾರೆ ಎಂದು ನನಗೆ ಗೊತ್ತಿತ್ತು. ಒಂದೇ ಸಾಲು: ಚಾಲಕನ ಕಾಲು ತಪ್ಪಿ ಅಪಘಾತ. ಆ ಸಾಲು ಬಿದ್ದರೆ ನನ್ನ ಅಣ್ಣನ ಲೈಸೆನ್ಸು ಹೋಗುತ್ತದೆ, ಇಪ್ಪತ್ತಾರು ವರ್ಷದ ಕೆಲಸ ಹೋಗುತ್ತದೆ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಆ ಸಾಲನ್ನು ಯಾರೂ ಬರೆಯುವ ಮೊದಲೇ ಅಣ್ಣ ನಂಬಿ ಕೂತಿದ್ದ.

ಅವನು ಆಸ್ಪತ್ರೆಯ ಡ್ರೈವರು. ಡಯಾಲಿಸಿಸ್‌ಗೆ ಬರುವ ರೋಗಿಗಳನ್ನು, ಅದರಲ್ಲೂ ಗುಡ್ಡದ ಮೇಲಿನ ಮನೆಗಳವರನ್ನು, ಕರೆತಂದು ವಾಪಸ್ಸು ಬಿಡುವುದು ಅವನ ಕೆಲಸ. ಅತ್ತ ಏರು ಜಾಸ್ತಿ, ರಸ್ತೆ ತುಂಬ ಜಲ್ಲಿ. ಹಾಗಾಗಿ ಆಸ್ಪತ್ರೆಯವರು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂಥ ಕಾರು ಕೊಟ್ಟಿದ್ದರು. ಆಟೋಮ್ಯಾಟಿಕ್ ಗೇರು; ಕ್ಲಚ್ ಪೆಡಲ್ ಇಲ್ಲ, ಎಡಗಾಲಿಗೆ ಪೂರ್ತಿ ರಜೆ. ಹದಿನೇಳು ದಿನದ ಹಿಂದೆ ಬೆಳಗಿನ ರೋಗಿಗಳನ್ನು ಕರೆದುಕೊಂಡು ಆಸ್ಪತ್ರೆಯ ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿದ. ಅಲ್ಲಿ ಕಂಬದ ಪಕ್ಕ ಒಂದು ಬಿಗಿ ತಿರುವಿದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಕಾರು ನಿಂತುಬಿಟ್ಟಿತು. ಎಂಜಿನ್ ಓಡುತ್ತಲೇ ಇತ್ತು. ಹಿಂದಿನಿಂದ ಯಾರೋ ಹಿಡಿದುಕೊಂಡ ಹಾಗಾಯ್ತು ಎಂದು ಅವತ್ತೇ ಹೇಳಿದ್ದ. ಆಕ್ಸಿಲರೇಟರನ್ನು ಸ್ವಲ್ಪ ಒತ್ತಿದ. ಕದಲಲಿಲ್ಲ. ಇನ್ನೂ ಸ್ವಲ್ಪ ಒತ್ತಿದ. ಕಾರು ಒಮ್ಮೆಲೇ ಕಿತ್ತುಕೊಂಡು ಮುಂದಕ್ಕೆ ಹಾರಿತು. ಕಂಬದ ಹತ್ತಿರ ಗಾಲಿಕುರ್ಚಿ ಹಿಡಿದು ರೋಗಿಗಾಗಿ ಕಾಯುತ್ತಿದ್ದ ನರ್ಸಿನ ಕಾಲು ಎರಡು ಕಡೆ ಮುರಿಯಿತು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮೆಕ್ಯಾನಿಕ್ ಒಬ್ಬ ಕಾರನ್ನು ಅದೇ ನೆಲಮಾಳಿಗೆಯಲ್ಲಿ ಎರಡು ಸುತ್ತು ಹೊಡೆದು, 'ದೋಷವಿಲ್ಲ' ಎಂದು ಬರೆದು ಕೈತೊಳೆದುಕೊಂಡ. ಕಾರಿನಲ್ಲಿ ದೋಷವಿಲ್ಲ ಅಂದ ಮೇಲೆ ದೋಷ ಯಾರದು? ಅಣ್ಣ ಅದನ್ನು ತನ್ನ ಬಲಗಾಲಿನ ಮೇಲೆ ಹಾಕಿಕೊಂಡ. ವಯಸ್ಸು ಐವತ್ತೈದು, ನರ ಸೋತಿರಬೇಕು, ಬ್ರೇಕಿನ ಮೇಲೆ ಇಡಬೇಕಾದ ಕಾಲು ಆಕ್ಸಿಲರೇಟರ್ ಮೇಲೆ ಬಿದ್ದಿರಬೇಕು ಎಂದು ತಾನೇ ಕಥೆ ಕಟ್ಟಿಕೊಂಡ. "ತಟ್ಟೆ ಮುಂದೆ ಕೂತ್ಕೊಂಡು ಆ ಕಾಲನ್ನೇ ನೋಡ್ತಾ ಇರ್ತಾರೆ ಕಣೇ," ಎಂದು ಅತ್ತಿಗೆ ಫೋನಿನಲ್ಲಿ ಅತ್ತಿದ್ದರು. "ಮೊನ್ನೆ ಮೆಟ್ಟಿಲು ಇಳಿಯೋವಾಗ ನನ್ನ ಕೈ ಹಿಡ್ಕೊಂಡ್ರು. ಕಾಲು ನಂಬಕ್ಕಾಗಲ್ಲ ಅಂದ್ರು."

ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಈ ಬೀದಿಯಲ್ಲಿ ಎಲ್ಲರೂ ನನ್ನನ್ನು ಗೇರ್‌ಬಾಕ್ಸ್ ಅಕ್ಕ ಅನ್ನುತ್ತಾರೆ. ಹತ್ತೊಂಬತ್ತು ವರ್ಷದಿಂದ ನಾನು ಬಿಚ್ಚಿರುವುದು ಗೇರ್‌ಬಾಕ್ಸ್ ಮಾತ್ರ. ಆಸ್ಪತ್ರೆಯ ಕಾರುಗಳ ಗೇರ್‌ಬಾಕ್ಸಿಗೆ ಮಾನ್ಯತೆ ಇರುವುದೂ ನನ್ನ ಗ್ಯಾರೇಜಿಗೇ, ಅದಕ್ಕೇ ಕಾರನ್ನು ಪರೀಕ್ಷೆಗೆ ಇಲ್ಲಿಗೆ ತಂದಿದ್ದರು. ಪಂಕ್ಚರ್, ಬ್ಯಾಟರಿ, ವೈಪರ್ ಎಂದು ಬಂದವರಿಗೆ ಪಕ್ಕದ ಅಂಗಡಿ ತೋರಿಸುತ್ತೇನೆ. ಹೊಗಳಿಕೊಳ್ಳುತ್ತೇನೆ ಅನ್ನಿ, ಪರವಾಗಿಲ್ಲ. ಅಣ್ಣ ಹೇಳಿದ ಲಕ್ಷಣ ಕೇಳಿದ ಕೂಡಲೇ ನನಗೆ ರೋಗ ಗೊತ್ತಾಗಿತ್ತು. ಗೇರ್‌ಬಾಕ್ಸಿನ ಹಿಂಭಾಗದಲ್ಲಿ ಒಂದರ ಮೇಲೊಂದು ಪೇರಿಸಿದ ತೆಳು ತಟ್ಟೆಗಳಿವೆ. ಅವು ಬಿಗಿಯಾದರೆ ಹಿಂದಿನ ಚಕ್ರಕ್ಕೆ ಬಲ ಹೋಗುತ್ತದೆ, ಸಡಿಲವಾದರೆ ಮುಂದಿನವು ಹಿಂದಿನವು ತಮ್ಮ ಪಾಡಿಗೆ ತಿರುಗುತ್ತವೆ. ತಿರುವಿನಲ್ಲಿ ಅವು ಸಡಿಲವಾಗಲೇಬೇಕು, ಯಾಕೆಂದರೆ ಮುಂದಿನ ಚಕ್ರ ದೊಡ್ಡ ಸುತ್ತು ಹಾಕುತ್ತದೆ, ಹಿಂದಿನದು ಚಿಕ್ಕ ಸುತ್ತು. ಸಡಿಲವಾಗದಿದ್ದರೆ ಎರಡೂ ಹಗ್ಗ ಜಗ್ಗಾಡಿ ಕಾರನ್ನು ನಿಲ್ಲಿಸಿಬಿಡುತ್ತವೆ. ತಟ್ಟೆಗಳನ್ನು ಸಡಿಲಿಸುವುದು ಹೆಬ್ಬೆರಳಿನಷ್ಟು ದೊಡ್ಡ ಒಂದು ವಾಲ್ವು. ಕೆಟ್ಟಿರುವುದು ಅದೇ ಎಂದು ಗ್ಯಾರಂಟಿ ಮಾಡಿಕೊಂಡು, ಹೊಸ ವಾಲ್ವನ್ನು ತರಿಸಿ ಮೇಜಿನ ಮೇಲೆ ಡಬ್ಬಿ ಸಮೇತ ಇಟ್ಟಿದ್ದೆ.

ಅಣ್ಣ ಮೂಲೆಯಲ್ಲಿ ಆಯಿಲ್ ಡ್ರಮ್ಮಿನ ಮೇಲೆ ಕೂತಿದ್ದ. ಇಸ್ತ್ರಿ ಮಾಡಿದ ಯೂನಿಫಾರಮ್ಮು. ಎರಡು ಕೈಯೂ ಮಂಡಿಯ ಮೇಲೆ.

"ನೋಡಿ ಸರ್, ಐದು ನಿಮಿಷ ಸಾಕು," ಎಂದು ನಾನು ಕಾರು ಹತ್ತಿದೆ. ಅಂಗಳದ ಸಿಮೆಂಟ್ ನೆಲದ ಮೇಲೆ ಸ್ಟೀರಿಂಗನ್ನು ಕೊನೆಯವರೆಗೆ ಎಡಕ್ಕೆ ತಿರುಗಿಸಿ ಸುತ್ತು ಹಾಕಿದೆ. ಬಲಕ್ಕೆ ತಿರುಗಿಸಿ ಸುತ್ತು ಹಾಕಿದೆ. ಇಂಗ್ಲಿಷಿನ ಎಂಟರ ಹಾಗೆ ನಾಲ್ಕು ಸಲ ಓಡಿಸಿದೆ. ಕಾರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನುಣ್ಣಗೆ ಹೋಯಿತು.

ತನಿಖಾಧಿಕಾರಿ ಗಡಿಯಾರ ನೋಡಿದರು. "ದೋಷ ಇಲ್ಲ ಅಂತ ಅವರೂ ಬರೆದಿದಾರಮ್ಮ."

ನನ್ನ ಕಿವಿ ಬಿಸಿಯಾಯಿತು. ಮತ್ತೆ ಹತ್ತು ಸುತ್ತು ಹಾಕಿದೆ. ಊಹೂಂ. ಎರಡೂ ಇಪ್ಪತ್ತೈದು. ಇಳಿದು ಬಾನೆಟ್ ಎತ್ತಿದೆ, ಇಳಿಸಿದೆ. ಮಾಡಲು ಏನೂ ತೋಚದವರು ಮಾಡುವ ಕೆಲಸ ಅದು. ಅಣ್ಣ ಡ್ರಮ್ಮಿನಿಂದ ಎದ್ದು ಹತ್ತಿರ ಬಂದ.

"ಬಿಡು ಪುಟ್ಟಿ. ನನ್ನ ಕಾಲಿಂದೇ ತಪ್ಪು. ಅವ್ರ ಟೈಮ್ ಯಾಕೆ ಹಾಳು ಮಾಡ್ತೀಯ."

"ನೀನು ಬಾಯ್ಮುಚ್ಕೊಂಡು ಕೂತ್ಕೊ!" ಅಂದೆ. ಅವನು ಹೋಗಿ ಕೂತ.

ಆಗ ತಲೆಗೆ ಹೊಳೆಯಿತು. ಅವತ್ತು ಅಣ್ಣ ನೆಲಮಾಳಿಗೆಗೆ ಇಳಿದದ್ದು ಎರಡು ಗಂಟೆ ಗುಡ್ಡ ಹತ್ತಿ ಇಳಿದ ಮೇಲೆ. ಆಸ್ಪತ್ರೆಯ ಮೆಕ್ಯಾನಿಕ್ ಸುತ್ತು ಹೊಡೆದದ್ದು ಬೆಳಿಗ್ಗೆ, ತಣ್ಣಗಿದ್ದ ಗಾಡಿಯಲ್ಲಿ. ನನ್ನ ಮುಂದಿರುವುದೂ ಹದಿನೇಳು ದಿನ ತಣ್ಣಗೆ ನಿಂತ ಗಾಡಿ. ಬಿಸಿಯಾದಾಗ ಮಾತ್ರ ಕಾಣುವ ರೋಗವನ್ನು ತಣ್ಣಗಿದ್ದಾಗ ಹುಡುಕುತ್ತಿದ್ದೆ. ಇಷ್ಟು ಗೊತ್ತಾಗಲು ಹತ್ತೊಂಬತ್ತು ವರ್ಷದ ಅನುಭವ ಬೇಕಿತ್ತೇ?

"ಸರ್, ಒಂದು ಅರ್ಧ ಗಂಟೆ ರೋಡಲ್ಲಿ ಓಡಿಸ್ಬೇಕು. ಆಯಿಲ್ ಬಿಸಿ ಆಗ್ಲಿ."

"ಅರ್ಧ ಗಂಟೆನಾ?"

"ನೀವೇ ಪಕ್ಕದಲ್ಲಿ ಕೂತ್ಕೊಳ್ಳಿ. ಮೋಸ ಮಾಡಿದ್ರೆ ಅಲ್ಲೇ ಇಳಿದು ಬನ್ನಿ."

ಅವರು ನಕ್ಕರು. ಒಳ್ಳೆಯ ಮನುಷ್ಯ ಇರಬೇಕು ಎಂದು ಮೊದಲ ಸಲ ಅನ್ನಿಸಿತು. ಊರ ಹೊರಗಿನ ವರ್ತುಲ ರಸ್ತೆಗೆ ಹೋಗಿ, ನೀರಿನ ಟ್ಯಾಂಕಿನ ಏರನ್ನು ಮೂರು ಸಲ ಹತ್ತಿಸಿ ಇಳಿಸಿದೆ. ಅವರು ತೊಡೆಯ ಮೇಲೆ ಫೈಲು ಇಟ್ಟುಕೊಂಡು ಹೊರಗೆ ನೋಡುತ್ತಿದ್ದರು, ನಾನು ಗಡಿಯಾರ ನೋಡುತ್ತಿದ್ದೆ. ಬಿಸಿಯಾಗದೆ ಹೋದರೆ? ಬಿಸಿಯಾಗಿಯೂ ಏನೂ ಆಗದೆ ಹೋದರೆ? ಅಣ್ಣನ ಕಾಲೇ ತಪ್ಪಿದ್ದರೆ? ಆ ಕೊನೆಯ ಯೋಚನೆ ಬಂದದ್ದಕ್ಕೆ ನನ್ನನ್ನು ನಾನೇ ಮನಸಾರೆ ಬೈದುಕೊಂಡೆ. ಆದರೂ ಬಂದದ್ದು ನಿಜ.

ಮೂರು ಗಂಟೆಗೆ ಅಂಗಳಕ್ಕೆ ವಾಪಸ್ಸು ಬಂದು, ಗೇಟಿನೊಳಗೆ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ಕಾಲುಭಾಗ ಸುತ್ತು ಹೋಗಿರಬಹುದು. ಹಿಂದಿನ ಟೈರು ನೆಲ ಉಜ್ಜಿ ಕಿರ್ರ್ ಅಂದಿತು. ಕಾರು ಗಂಟಲಲ್ಲಿ ತುತ್ತು ಸಿಕ್ಕಿಕೊಂಡವರ ಹಾಗೆ ಎರಡು ಸಲ ತಡೆತಡೆದು, ನಿಂತಿತು. ಎಂಜಿನ್ ಓಡುತ್ತಲೇ ಇತ್ತು.

"ನಿಂತಿತು ಸರ್! ನೋಡಿದ್ರಾ?"

"ನಿಂತಿತು," ಅಂದರು ಅವರು. "ನೀವು ಬ್ರೇಕ್ ಒತ್ತಿದ್ರೂ ಹೀಗೇ ನಿಲ್ಲತ್ತೆ. ಡ್ರೈವರ್ ನಿಮ್ಮ ಅಣ್ಣ ಅಂತ ಫೈಲಲ್ಲಿ ಬರೆದಿದೆ. ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿದುಕೊಳ್ಳಲು ನನಗೆ ಪುರುಸೊತ್ತಿರಲಿಲ್ಲ. ಚಪ್ಪಲಿ ಬಿಚ್ಚಿ ಹೊರಗೆಸೆದೆ. ಎರಡು ಕಾಲನ್ನೂ ಮಡಚಿ, ಊಟಕ್ಕೆ ಕೂತವಳ ಹಾಗೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಮಂಡಿ ಸ್ಟೀರಿಂಗಿಗೆ ಒತ್ತಿ ನೋಯುತ್ತಿತ್ತು. "ಕೈಬ್ರೇಕ್ ನೀವೇ ಹಿಡ್ಕೊಳ್ಳಿ. ಗೋಡೆ ಹತ್ರ ಬಂದ್ರೆ ಎಳೀರಿ," ಎಂದು ಹೇಳಿ, ಅವರು ಬೇಡ ಬೇಡ ಅನ್ನುವಷ್ಟರಲ್ಲಿ ಸ್ಟೀರಿಂಗ್ ನೇರ ಮಾಡಿದೆ. ಆಟೋಮ್ಯಾಟಿಕ್ ಗಾಡಿಗೆ ಯಾರೂ ಪೆಡಲ್ ತುಳಿಯಬೇಕಿಲ್ಲ, ಗೇರಿನಲ್ಲಿದ್ದರೆ ತಾನಾಗಿಯೇ ತೆವಳುತ್ತದೆ. ತೆವಳಿತು. ಗೋಡೆ ಹತ್ತಿರ ಬಂತು. ಅವರು ಕೈಬ್ರೇಕಿನ ಮೇಲಿನ ಹಿಡಿತ ಬಿಗಿ ಮಾಡಿದರು. ನಾನು ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದೆ. ಕಿರ್ರ್. ಕಾರು ತಾನಾಗಿ ನಿಂತಿತು.

ಪೆಡಲ್‌ಗಳ ಮೇಲೆ ಯಾರ ಕಾಲೂ ಇರಲಿಲ್ಲ.

ಅವರು ಬಗ್ಗಿ ಪೆಡಲ್‌ಗಳನ್ನು ನೋಡಿದರು, ಸೀಟಿನ ಮೇಲಿನ ನನ್ನ ಬರಿಗಾಲನ್ನು ನೋಡಿದರು. "ಇಳೀರಿ," ಅಂದರು. ತಾವೇ ಹತ್ತಿ ಕೂತು, ಬೂಟು ಬಿಚ್ಚಿ, ಅರವತ್ತರ ಹತ್ತಿರದ ಆ ಮನುಷ್ಯ ಉಸಿರು ಬಿಗಿಹಿಡಿದು ಕಾಲು ಮಡಚಿಕೊಂಡರು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಕಾರು ತೆವಳಿ, ತಿರುಗಿ, ಕಿರ್ರ್ ಎಂದು ನಿಂತಿತು. ಬಲಕ್ಕೂ ಹಾಗೇ.

"ಅಣ್ಣ, ನೋಡು!" ಎಂದು ಕೂಗಿದೆ. "ಕಾಲೇ ಇಲ್ದೆ ನಿಂತಿದೆ ನೋಡೋ!"

ಅಣ್ಣ ಎದ್ದು ನಿಂತಿದ್ದ. ಮುಖದಲ್ಲಿ ನಗು ಬರಲಿಲ್ಲ, ಬಾಯಿ ಮಾತ್ರ ಸ್ವಲ್ಪ ತೆರೆದಿತ್ತು.

"ಕಾರು ನಿಲ್ಲತ್ತೆ ಅನ್ನೋದು ಸರಿ," ಅಂದರು ತನಿಖಾಧಿಕಾರಿ ಬೂಟು ಹಾಕಿಕೊಳ್ಳುತ್ತಾ. "ಯಾಕೆ ನಿಲ್ಲತ್ತೆ? ಕಾರಣ ಬರೀದೆ ಸಮಿತಿಯವರು ಒಪ್ಪಲ್ಲ. ಹಳೇ ವರದಿ ದೋಷ ಇಲ್ಲ ಅಂತಿದೆ, ನಂದು ಇದೆ ಅಂತಿದ್ರೆ ಇಬ್ಬರದ್ದೂ ಬದಿಗಿಟ್ಟು ಡ್ರೈವರ್ ಮೇಲೆ ಹಾಕ್ತಾರೆ. ನೋಡಿದೀನಿ ನಾನು."

"ಕಾರಣ ಮೇಜಿನ ಮೇಲೇ ಇದೆ," ಅಂದೆ ಜಂಬದಿಂದ. ವಾಲ್ವಿನ ಡಬ್ಬಿ ತೋರಿಸಿದೆ. ಬಿಚ್ಚುವ ಮೊದಲು ಒಂದು ಪರೀಕ್ಷೆ ಬಾಕಿ ಇತ್ತು. ಈ ಕಾರುಗಳಲ್ಲಿ ಬಾನೆಟ್ಟಿನ ಒಳಗೆ ಒಂದು ಖಾಲಿ ಫ್ಯೂಸ್ ಜಾಗವಿರುತ್ತದೆ. ಅಲ್ಲಿ ಫ್ಯೂಸ್ ಸಿಕ್ಕಿಸಿದರೆ ಆ ವಾಲ್ವಿಗೆ ಪೂರ್ತಿ ಕರೆಂಟು ಹೋಗಿ, ತಟ್ಟೆಗಳು ಸಡಿಲವಾಗಿ, ಹಿಂದಿನ ಚಕ್ರಗಳು ಎಂಜಿನ್ನಿನಿಂದ ಬೇರೆಯಾಗುತ್ತವೆ. ವಾಲ್ವು ಕೆಟ್ಟಿದ್ದರೆ ಫ್ಯೂಸ್ ಹಾಕಿದರೂ ಕಾರು ನಿಲ್ಲಲೇಬೇಕು. ಫ್ಯೂಸ್ ಹಾಕಿದೆ. ಡ್ಯಾಶ್‌ಬೋರ್ಡಿನಲ್ಲಿ ಸಣ್ಣ ದೀಪ ಹತ್ತಿತು. ಸ್ಟೀರಿಂಗ್ ತಿರುಗಿಸಿದೆ.

ಕಾರು ನುಣ್ಣಗೆ ಸುತ್ತು ಹಾಕಿತು.

ಫ್ಯೂಸ್ ತೆಗೆದೆ, ನಿಂತಿತು. ಹಾಕಿದೆ, ಸುತ್ತಿತು. ವಾಲ್ವು ಹೇಳಿದ ಮಾತು ಕೇಳುತ್ತಿತ್ತು. ತಟ್ಟೆಗಳೂ ಸಡಿಲವಾಗುತ್ತಿದ್ದವು. ಗೇರ್‌ಬಾಕ್ಸಿನಲ್ಲಿ ಏನೂ ಕೆಟ್ಟಿರಲಿಲ್ಲ. ಇನ್ಯಾವುದೋ ಕಾರಣಕ್ಕೆ ತಟ್ಟೆಗಳು ಹಿಡಿದುಕೊಳ್ಳುತ್ತಿದ್ದವು. ಆ ಇನ್ಯಾವುದು ಏನೆಂದು ಗೇರ್‌ಬಾಕ್ಸ್ ಅಕ್ಕನಿಗೆ ಗೊತ್ತಿರಲಿಲ್ಲ. ಮೂರೂ ಇಪ್ಪತ್ತು.

ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಸಿಕ್ಕಿಸಿದೆ. ಒಂದೂ ತಪ್ಪು ತೋರಿಸಲಿಲ್ಲ. ಆಯಿಲಿನ ಕಡ್ಡಿ ಎಳೆದು ಮೂಸಿದೆ, ಸುಟ್ಟ ವಾಸನೆ ತೆಳುವಾಗಿ ಬಂತು. ಕಾರಿನ ಕೆಳಗೆ ನುಸುಳಿ, ಹಿಂದಿನ ಚಕ್ರಗಳಿಗೆ ಹೋಗುವ ಉದ್ದದ ಶಾಫ್ಟನ್ನು ಕೈಯಿಂದ ಅಲ್ಲಾಡಿಸಿದೆ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಮೇಲೆ ತನಿಖಾಧಿಕಾರಿ ಸುಮ್ಮನೆ ನಿಲ್ಲಲಾರದೆ ತಮ್ಮ ಫಾರಮ್ಮನ್ನು ತುಂಬಿಸುತ್ತಾ ಗೊಣಗುತ್ತಿದ್ದರು. "ಲೈಟು, ಸರಿ. ಹಾರ್ನು, ಸರಿ. ಕನ್ನಡಿ, ಸರಿ. ಟೈರು... ಮುಂದಿನ ಎರಡು ಹೊಸದು, ಹಿಂದಿನ ಎರಡು ಸವೆದಿದೆ, ಆದ್ರೂ ಮಿತಿ ಒಳಗಿದೆ. ಸರಿ."

ನಾನು ಕಾರಿನ ಕೆಳಗೆ ಹಾಗೆಯೇ ಮಲಗಿದ್ದೆ. ಕಾರು ಬಂದಾಗಿನಿಂದ ನಾನು ಆ ಟೈರುಗಳನ್ನು ಕಣ್ಣೆತ್ತಿ ನೋಡಿರಲಿಲ್ಲ. ಟೈರು ನನ್ನ ಮಟ್ಟದ ಕೆಲಸ ಅಲ್ಲವಲ್ಲ!

"ಸರ್! ಆ ಟೈರಿಂದು ಇನ್ನೊಂದ್ಸಲ ಓದಿ!"

ತೆವಳಿ ಹೊರಬಂದು ಸೀಮೆಸುಣ್ಣ ಹುಡುಕಿದೆ. ಮುಂದಿನ ಟೈರು ನೆಲ ಮುಟ್ಟುವ ಕಡೆ ಟೈರಿಗೊಂದು ನೆಲಕ್ಕೊಂದು ಗೀಟು ಹಾಕಿ, ಕಾರನ್ನು ನೇರಕ್ಕೆ ತಳ್ಳಲು ಹೇಳಿದೆ. ಅಣ್ಣನೂ ತನಿಖಾಧಿಕಾರಿಯೂ ಸೇರಿ ತಳ್ಳಿದರು, ನಾನು ಪಕ್ಕದಲ್ಲೇ ಬಗ್ಗಿ ನಡೆಯುತ್ತಾ ಸುತ್ತು ಎಣಿಸಿದೆ. ಹತ್ತನೆಯ ಸುತ್ತಿಗೆ ಗೀಟು ನೆಲ ಮುಟ್ಟಿದಾಗ ಅಲ್ಲಿ ಗುರುತು ಹಾಕಿದೆ. ಹಿಂದಿನ ಟೈರಿಗೂ ಹಾಗೇ ಮಾಡಿ ಅಳತೆ ಟೇಪು ಹಿಡಿದೆವು. ಮುಂದಿನದು ಹತ್ತು ಸುತ್ತಿಗೆ ಇಪ್ಪತ್ತು ಮೀಟರು ನಲವತ್ತಮೂರು ಸೆಂಟಿಮೀಟರು. ಹಿಂದಿನದು ಇಪ್ಪತ್ತು ಮೀಟರು ಮೂರು ಸೆಂಟಿಮೀಟರು.

"ನಲವತ್ತು ಸೆಂಟಿಮೀಟರ್," ಅಂದರು ತನಿಖಾಧಿಕಾರಿ. "ಏನದರ ಅರ್ಥ?"

"ಒಂದು ಸುತ್ತಿಗೆ ನಾಲ್ಕು ಸೆಂಟಿಮೀಟರ್ ವ್ಯತ್ಯಾಸ ಸರ್. ಇಂಥ ಕಾರಲ್ಲಿ ಅರ್ಧ ಸೆಂಟಿಮೀಟರ್ ಮೇಲೆ ಇರಬಾರದು. ಬೇರೆ ಕಾರಿಗೆ ಇದು ಲೆಕ್ಕಕ್ಕೇ ಇಲ್ಲ. ಇದ್ರಲ್ಲಿ ಮುಂದೆ ಹಿಂದೆ ಎರಡನ್ನೂ ಒಂದೇ ಶಾಫ್ಟಿಗೆ ಕಟ್ಟಿದೆ. ಸವೆದ ಟೈರು ಚಿಕ್ಕದು, ಜಾಸ್ತಿ ಸುತ್ತು ತಿರುಗತ್ತೆ. ನೇರ ರಸ್ತೇಲೂ ಒಳಗೆ ತಟ್ಟೆಗಳು ಉಜ್ಜಿಕೊಂಡೇ ಇರತ್ತೆ. ಉಜ್ಜಿ ಉಜ್ಜಿ ಆಯಿಲ್ ಕಾಯತ್ತೆ. ಕಾದ ಮೇಲೆ ಬಿಡಲ್ಲ, ಹಿಡ್ಕೊಂಡ್ಬಿಡತ್ತೆ."

"ತೋರಿಸ್ತೀರಾ?"

ಆಸ್ಪತ್ರೆಯದೇ ಅದೇ ಜಾತಿಯ ಇನ್ನೊಂದು ಕಾರು ಗೇರ್‌ಬಾಕ್ಸ್ ಕೆಲಸಕ್ಕೆಂದು ನನ್ನ ಶೆಡ್ಡಿನಲ್ಲಿ ನಿಂತಿತ್ತು. ಅದರ ನಾಲ್ಕೂ ಟೈರು ಒಂದೇ ಹದಕ್ಕೆ ಸವೆದಿದ್ದವು. ಅವನ್ನೇ ಇದಕ್ಕೆ ಹಾಕಲು ಹೊರಟೆವು. ಅಣ್ಣ ತೋಳು ಮಡಚಿ ಜ್ಯಾಕ್ ಹಿಡಿದ. ತನಿಖಾಧಿಕಾರಿ ಫೈಲನ್ನು ಡ್ರಮ್ಮಿನ ಮೇಲಿಟ್ಟು ನಟ್ಟುಗಳನ್ನು ತಟ್ಟೆಯಲ್ಲಿ ಜೋಡಿಸಿದರು. ಒಂದು ನಟ್ಟು ಉರುಳಿ ಹೋದದ್ದಕ್ಕೆ ಅವರನ್ನೂ ಗದರಿಸಿಬಿಟ್ಟೆ, ಅವರು ಸಾರಿ ಎಂದು ಹುಡುಕಿ ತಂದರು. ನಾಲ್ಕು ಚಕ್ರ ಬದಲಾಯಿಸಿ, ಸಿಕ್ಕಿಸಿದ್ದ ಫ್ಯೂಸನ್ನು ತೆಗೆದಾಗ ಮೂರೂ ಐವತ್ತು. ಆಯಿಲ್ ಇನ್ನೂ ಬಿಸಿ ಇತ್ತು, ಕಡ್ಡಿ ಮುಟ್ಟಿದರೆ ಬೆರಳು ಸುಡುತ್ತಿತ್ತು.

"ಈಗ ಡ್ರೈವರೇ ಓಡಿಸ್ಲಿ," ಅಂದರು ತನಿಖಾಧಿಕಾರಿ.

ಅಣ್ಣ ಹಿಂದಕ್ಕೆ ಸರಿದ. "ನಾನು ಬೇಡ ಸರ್."

"ನೀವೇ ಓಡಿಸ್ಬೇಕು. ನಾನು ನೋಡಬೇಕಾಗಿರೋದು ಅದನ್ನೇ."

ಅಣ್ಣ ನನ್ನ ಮುಖ ನೋಡಿದ. ನಾನು ಡ್ರೈವರ್ ಕಡೆಯ ಬಾಗಿಲು ತೆರೆದು ಹಿಡಿದೆ. ಅವನು ಹತ್ತಿ ಕೂತ. ಬ್ರೇಕಿನ ಮೇಲೆ ಕಾಲಿಟ್ಟು, ಬಗ್ಗಿ ಅದು ಬ್ರೇಕೇ ಎಂದು ಕಣ್ಣಾರೆ ನೋಡಿಕೊಂಡ. ಇಪ್ಪತ್ತಾರು ವರ್ಷ ಗಾಡಿ ಓಡಿಸಿದವನು! ಮೊದಲ ಸುತ್ತು ಆಮೆಯ ಹಾಗೆ ಹೋದ. ನಿಲ್ಲಲಿಲ್ಲ. ಎರಡನೆಯದು ಬಲಕ್ಕೆ. ನಿಲ್ಲಲಿಲ್ಲ. ಮೂರನೆಯ ಸುತ್ತಿಗೆ ಅವನ ಭುಜ ಸಡಿಲವಾದದ್ದು ನನಗೆ ಹೊರಗಿನಿಂದಲೇ ಕಂಡಿತು. ಆರನೆಯದಕ್ಕೆ ನಾವಿಬ್ಬರು ಸಾಕು ಎಂದು ಕೈ ಬೀಸಿದರೂ ನಿಲ್ಲಿಸದೆ ಇನ್ನೆರಡು ಸುತ್ತು ಹೊಡೆದ. ನನಗೆ ಅಷ್ಟು ಸಂತೋಷ ಯಾವ ಗೇರ್‌ಬಾಕ್ಸೂ ಕೊಟ್ಟಿರಲಿಲ್ಲ.

ಅವನು ಇಳಿದು ಬಂದಾಗ ತನಿಖಾಧಿಕಾರಿ ಬರೆಯುತ್ತಿದ್ದರು. "ದೋಷ ಕಾರಿಂದು. ಕಾರಣ, ಅಳತೆ ಹೊಂದದ ಟೈರು. ಸರಿ. ಈ ಎರಡು ಟೈರು ಹಾಕಿದ್ದು ಯಾವಾಗ?"

"ಎರಡು ತಿಂಗಳಾಯ್ತು ಸರ್," ಅಂದ ಅಣ್ಣ. "ಮುಂದಿನ ಎರಡರಲ್ಲೂ ಪಕ್ಕ ಸೀಳಿತ್ತು. ಸ್ಟೋರಿನವರು ಎರಡೇ ಕೊಟ್ರು."

"ಹಾಕಿದ್ದು ಯಾರು?"

"ನಾನೇ. ಇಲ್ಲೇ ಹಾಕ್ಕೊಂಡೆ."

"ಯಾರನ್ನಾದ್ರೂ ಕೇಳಿದ್ರಾ, ಎರಡೇ ಹಾಕ್ಬಹುದಾ ಅಂತ?"

ಅಣ್ಣ ನನ್ನ ಕಡೆ ನೋಡಲಿಲ್ಲ. "ಇಲ್ಲ ಸರ್. ಯಾರನ್ನೂ ಕೇಳಲಿಲ್ಲ."

ಅವನು ಹಾಗೆ ಹೇಳದೆ ಇದ್ದಿದ್ದರೆ ನನಗೆ ನೆನಪೇ ಆಗುತ್ತಿರಲಿಲ್ಲವೇನೋ. ಎರಡು ತಿಂಗಳ ಹಿಂದಿನ ಒಂದು ಮಧ್ಯಾಹ್ನ. ನಾನು ಒಂದು ವ್ಯಾನಿನ ಕೆಳಗೆ ಮಲಗಿ ಎದೆಯ ಮೇಲೆ ಗೇರ್‌ಬಾಕ್ಸ್ ಹೊತ್ತುಕೊಂಡಿದ್ದೆ. ಅಣ್ಣನ ಕರಿ ಬೂಟು ಎರಡು ವ್ಯಾನಿನ ಪಕ್ಕ ಬಂದು ನಿಂತವು. "ಪುಟ್ಟಿ, ಎರಡೇ ಟೈರು ಕೊಟ್ಟಿದಾರೆ. ಈ ಕಾರಿಗೆ ಎರಡೇ ಹಾಕಿದ್ರೆ ನಡಿಯತ್ತಾ?" ಎಂದು ಕೇಳಿದ್ದ. ಅವನಿಗೆ ಏನೋ ಅನುಮಾನ ಇತ್ತು, ಅದಕ್ಕೇ ಕೇಳಿದ್ದ. ನಾನು ಕೆಳಗಿನಿಂದಲೇ, "ಟೈರ್ ವಿಷಯಕ್ಕೆಲ್ಲ ನನ್ನ ತಲೆ ತಿನ್ಬೇಡ ಮಾರಾಯ. ಏನಾದ್ರೂ ಹಾಕ್ಕೊಂಡು ಹೋಗು," ಎಂದು ಅರಚಿದ್ದೆ. ಬೂಟುಗಳು ಒಂದು ಕ್ಷಣ ಅಲ್ಲೇ ನಿಂತಿದ್ದು ಹೋಗಿದ್ದವು.

ಕೇಳಬೇಕಾದವಳನ್ನೇ ಕೇಳಿದ್ದ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರಿನಲ್ಲಿ ಟೈರು ಒಂದೇ ಸಮ ಇರಬೇಕು ಎಂದು ಈ ಬೀದಿಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮುಖ ಹೊರಗೆ ಹಾಕಿ ಬೇಡ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಆ ನರ್ಸು ಇವತ್ತು ತನ್ನ ಕಾಲ ಮೇಲೆ ನಿಂತಿರುತ್ತಿದ್ದಳು.

"ಹಾಗಾದ್ರೆ," ಎಂದು ತನಿಖಾಧಿಕಾರಿ ಪೆನ್ನು ಎತ್ತಿದರು, ದನಿಯಲ್ಲಿ ನಿಜವಾದ ಬೇಸರವಿತ್ತು, "ಪರಿಣತರನ್ನ ಕೇಳದೆ ಚಾಲಕನೇ ಟೈರು ಬದಲಾಯಿಸಿದ್ದು ಅಂತ ಬರೀಬೇಕಾಗತ್ತೆ. ಕಾಲು ತಪ್ಪಿದ್ದಲ್ಲ ಅನ್ನೋದು ಬಿಟ್ರೆ ನಿಮಗೆ ಇದ್ರಿಂದ ಉಪಯೋಗ ಆಗಲ್ಲ."

"ಪರವಾಗಿಲ್ಲ ಸರ್. ಕಾಲು ತಪ್ಪಿಲ್ವಲ್ಲ, ಅಷ್ಟು ಸಾಕು," ಅಂದ ಅಣ್ಣ.

ಪೆನ್ನು ಓಡತೊಡಗಿತು. ಆಸ್ಪತ್ರೆಯ ಆರು ಕಾರುಗಳ ಗೇರ್‌ಬಾಕ್ಸನ್ನು ನಾನೊಬ್ಬಳೇ ನೋಡಿಕೊಳ್ಳುತ್ತೇನೆ. ಅವರ ಮಾನ್ಯತೆಯ ಫಲಕ ನನ್ನ ಗೇಟಿಗೆ ನೇತುಹಾಕಿದೆ. ಬಾಯಿ ಮುಚ್ಚಿಕೊಂಡಿದ್ದರೆ ಅದು ಅಲ್ಲೇ ಇರುತ್ತದೆ. ಮುಚ್ಚಿಕೊಂಡೇ ಇದ್ದೆ. ಒಂದು ಸಾಲು ಬರೆದು ಮುಗಿಸುವಷ್ಟು ಹೊತ್ತು ಮುಚ್ಚಿಕೊಂಡಿದ್ದೆ ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

"ಕೇಳಿದ್ದ," ಅಂದೆ.

ಪೆನ್ನು ನಿಂತಿತು.

"ನನ್ನನ್ನ ಕೇಳಿದ್ದ ಸರ್. ಎರಡೇ ಹಾಕ್ಬಹುದಾ ಅಂತ ನನ್ನನ್ನ ಕೇಳಿದ್ದ. ಏನಾದ್ರೂ ಹಾಕ್ಕೋ ಅಂತ ಬೈದು ಕಳಿಸಿದ್ದು ನಾನು. ಹಾಗೇ ಬರೀರಿ."

"ಪುಟ್ಟಿ, ಸುಮ್ನಿರು," ಅಂದ ಅಣ್ಣ.

"ಬರೀರಿ ಸರ್."

"ನಿಮಗೆ ಕೊಟ್ಟಿರೋ ಮಾನ್ಯತೆ ವಾಪಸ್ ತಗೋತಾರೆ. ಗೊತ್ತಲ್ಲ?"

"ಗೊತ್ತು."

ಅವರು ಬರೆದಿದ್ದ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ರುಜು ಮಾಡಿ, ಹೊಸ ಸಾಲು ಬರೆದರು. ನನಗೆ ಓದಿ ಹೇಳಿದರು. ಕೆಳಗೆ ನಾನೂ ಸಹಿ ಹಾಕಿದೆ. ಕೈಯ ಗ್ರೀಸು ಕಾಗದಕ್ಕೆ ಹತ್ತಿತು. ನಾಲ್ಕೂ ಹತ್ತಕ್ಕೆ ಅವರ ಸ್ಕೂಟರು ಗೇಟು ದಾಟಿತು.

ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ನಾನು ಚಪ್ಪಲಿ ಹುಡುಕಿ ಹಾಕಿಕೊಂಡೆ. ಅಣ್ಣ ಪರವಾಗಿಲ್ಲ ಬಿಡು ಅನ್ನುತ್ತಾನೆ ಎಂದು ಕಾದೆ. ಹುಟ್ಟಿದಾಗಿನಿಂದ ಅದನ್ನೇ ಕೇಳಿಸಿಕೊಂಡು ಬಂದವಳು ನಾನು. ಅವನು ಅನ್ನಲಿಲ್ಲ. ಹೊರಗೆ ತೆಗೆದಿಟ್ಟ ಎರಡು ಹೊಸ ಟೈರುಗಳನ್ನು ನೋಡುತ್ತಾ ನಿಂತಿದ್ದವನ ಕತ್ತಿನ ನರ ಉಬ್ಬಿತ್ತು.

"ಹದಿನೇಳು ದಿನ," ಅಂದ. "ಹದಿನೇಳು ದಿನ ಈ ಕಾಲನ್ನ ಬೈದೆ ನಾನು. ಆ ಸಿಸ್ಟರ್ ವಾರ್ಡಿನ ಬಾಗಿಲವರೆಗೆ ದಿನಾ ಹೋಗಿ, ಒಳಗೆ ಹೋಗೋ ಮುಖ ಇಲ್ದೆ ವಾಪಸ್ ಬಂದೆ."

"ಬೈಯಣ್ಣ ನನ್ನ. ಬೈದುಬಿಡು."

"ಆ ಟೈರು ಹಾಕಿದಾಗಿಂದ ತಿರುವಲ್ಲಿ ಬಿಗಿ ಅನ್ನಿಸ್ತಿತ್ತು. ನಿಂಗೆ ಹೇಳಕ್ಕೆ ಹೆದರಿಕೆ. ಕೂಗಾಡ್ತೀಯ ಅಂತ. ವಯಸ್ಸಾಯ್ತು, ನನ್ನ ತೋಳಿಗೇ ಬಲ ಕಮ್ಮಿ ಆಗಿದೆ ಅಂದ್ಕೊಂಡೆ." ಅವನ ದನಿ ಏರಿತು. ನನಗೆ ನಲವತ್ತೊಂದು ವರ್ಷ. ಅವನ ದನಿ ಏರಿದ್ದನ್ನು ಅದೇ ಮೊದಲು ಕೇಳಿದ್ದು. "ಇನ್ಮೇಲೆ ನಾನು ಏನಾದ್ರೂ ಕೇಳಿದ್ರೆ ಹೊರಗೆ ಬಂದು ಉತ್ತರ ಹೇಳು. ಬೈಯೋದಾದ್ರೂ ಮುಖ ನೋಡಿ ಬೈ."

ಯಾವುದಾದರೂ ಗಾಡಿಯ ಕೆಳಗೆ ನುಸುಳಿ ಮಲಗಿಬಿಡಬೇಕು ಅನ್ನಿಸಿತು. ಹೋಗಲಿಲ್ಲ. ಅವನ ಮುಖ ನೋಡಿಕೊಂಡೇ ನಿಂತೆ. ಕೊನೆಗೂ ಅಳು ಬಂತು, ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಗ್ರೀಸು ಮೆತ್ತಿಕೊಂಡೆ.

"ಕೈ ತೊಳ್ಕೊಂಡು ಬಾ," ಅಂದ. "ಆಸ್ಪತ್ರೆಗೆ ಹೋಗೋಣ. ಆ ಸಿಸ್ಟರಿಗೂ ನೀನೇ ಹೇಳ್ಬೇಕು. ಅವರ ಮುಖ ನೋಡಿ."

ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ತಿಕ್ಕಿದೆ. ಉಗುರಿನ ಸಂದಿಯದು ಹೋಗಲಿಲ್ಲ, ಹಾಗೇ ಬಂದೆ. ನನ್ನ ಹಳೆಯ ವ್ಯಾನು ಗೇಟಿನ ಹತ್ತಿರ ನಿಂತಿತ್ತು. ಬೀಗದಕೈ ಜೇಬಿನಿಂದ ತೆಗೆದು ಬಾಗಿಲ ಕಡೆ ನಡೆದೆ. ಅಣ್ಣ ಕೈ ಚಾಚಿದ.

"ಕೊಡಿಲ್ಲಿ," ಅಂದ. "ನಾನು ಓಡಿಸ್ತೀನಿ."